ಅಳಿಸಿಹೋದ ಕರೆ

ಸೋಮವಾರ ಬೆಳಿಗ್ಗೆ ಹತ್ತೂವರೆಗೆ ಠಾಣೆಗೆ ಬಂದ ಹೆಂಗಸಿನ ದೂರು ಚಿಕ್ಕದಾಗಿತ್ತು. ಆಕೆಯ ಮಗ ಎದೆನೋವೆಂದು ಆಂಬುಲೆನ್ಸ್ ಕೇಂದ್ರಕ್ಕೆ ಕರೆ ಮಾಡಿದ್ದ. ಗಾಡಿ ಬೇರೆ ಬೀದಿಗೆ ಹೋಗಿ ಸುತ್ತಿ ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು. ಆ ಕರೆಯ ಧ್ವನಿಮುದ್ರಣ ಕೊಡಿ ಎಂದು ಆಕೆ ಕೇಂದ್ರಕ್ಕೆ ಅಲೆದು ಚಪ್ಪಲಿ ಸವೆಸಿದ್ದಳು. ಕೊನೆಗೆ ಒಪ್ಪಿಕೊಂಡವರು, ಕೊಡುವ ದಿನ ಬಂದಾಗ ಅದು ಅಳಿಸಿಹೋಗಿದೆ ಎಂದರು.

"ತಪ್ಪು ಯಾರದ್ದಾದ್ರೂ ಇರ್ಲಿ ಸಾರ್. ನನ್ ಮಗ ಕೊನೆಗೆ ಏನಂದ ಅಂತ ಕೇಳ್ಬೇಕು, ಅಷ್ಟೇ."

ಇನ್ಸ್‌ಪೆಕ್ಟರ್ ಎಫ್‌ಐಆರ್ ದಾಖಲಿಸಿ, ಹೆಡ್‌ ಕಾನ್‌ಸ್ಟೆಬಲ್ ಜೊತೆ ಕೇಂದ್ರಕ್ಕೆ ಹೊರಟರು.

ಕರೆಗಳ ಮುದ್ರಣವಿದ್ದ ಸರ್ವರಿನ ದಾಖಲೆ ಹೇಳುವುದು ಸ್ಪಷ್ಟವಾಗಿತ್ತು. ಶುಕ್ರವಾರ ಮಧ್ಯಾಹ್ನ ಊಟದ ಹೊತ್ತಿನಲ್ಲಿ ಹಿರಿಯ ತಂತ್ರಜ್ಞನ ಲಾಗಿನ್ ಕೀಲಿ ಬಳಸಿ, ಅವನದೇ ಕಂಪ್ಯೂಟರಿನಿಂದ ಒಳಹೊಕ್ಕು, ಮುದ್ರಣವನ್ನೂ ಅದರ ನಕಲನ್ನೂ ಅಳಿಸಲಾಗಿತ್ತು. ಆ ಹಿರಿಯ ಎಸಿ ಕೋಣೆಯಲ್ಲೂ ಬೆವರುತ್ತಿದ್ದ.

"ಆಗ ಎಲ್ಲಿದ್ರಿ?"

"ಕ್ಯಾಂಟೀನಲ್ಲಿ ಸಾರ್."

"ಕೀಲಿ ಯಾರಿಗ್ ಕೊಟ್ಟಿದ್ರಿ?"

"ಅದು ಕೈಗೆ ಕೊಡೋ ಕೀಲಿ ಅಲ್ಲ, ಕಂಪ್ಯೂಟರಲ್ಲಿರೋ ಫೈಲು. ಅದರ ಗುಪ್ತಪದ ನನ್ ಹೆಂಡ್ತಿಗೂ ಗೊತ್ತಿಲ್ಲ. ಏಳೋ ಮುಂಚೆ ಸರ್ವರ್ ಒಳಗೆ ಹೋಗೋ ಟರ್ಮಿನಲ್ ವಿಂಡೋ ಮುಚ್ಚಿದ್ದೆ ಸಾರ್, ದೇವ್ರಾಣೆ."

ಹೆಡ್‌ ಕಾನ್‌ಸ್ಟೆಬಲ್ ಕ್ಯಾಂಟೀನಿಗೆ ಹೋಗಿ ಬಂದ. ಉಪ್ಪು ಜಾಸ್ತಿಯಾಯಿತೆಂದು ಅಂದು ಕೂಗಾಡಿದ ಈ ಗಿರಾಕಿಯನ್ನು ಅಡುಗೆಯವನು ಮರೆತಿರಲಿಲ್ಲ.

"ಅವತ್ತು ಮಾಡಿದ ಹಾಗೇ ಮಾಡಿ ತೋರ್ಸಿ," ಎಂದರು ಇನ್ಸ್‌ಪೆಕ್ಟರ್.

ಪಂಚರ ಎದುರು ಹಿರಿಯ ಗುಪ್ತಪದ ಒತ್ತಿ ಸರ್ವರ್ ಹೊಕ್ಕ. ವಿಂಡೋ ಮುಚ್ಚಿದ. ಇನ್ಸ್‌ಪೆಕ್ಟರ್ ತಾವೇ ಕುರ್ಚಿಯಲ್ಲಿ ಕೂತು, ಅವನು ಹೇಳಿದಂತೆ ಹೊಸ ವಿಂಡೋ ತೆರೆದು ಸರ್ವರಿನ ಹೆಸರು ಬರೆದರು. ಅದು ಗುಪ್ತಪದ ಕೇಳಲೇ ಇಲ್ಲ, ನೇರ ಒಳಗೆ ಬಿಟ್ಟಿತು. ಒಮ್ಮೆ ಗುಪ್ತಪದದಿಂದ ಬಿಚ್ಚಿದ ಕೀಲಿಯನ್ನು ಏಜೆಂಟ್ ಎಂಬ ಪ್ರೋಗ್ರಾಂ ನೆನಪಿಟ್ಟುಕೊಂಡು, ಲಾಗ್‌ಔಟ್ ಆಗುವವರೆಗೆ ಯಾವ ವಿಂಡೋ ಕೇಳಿದರೂ ಒದಗಿಸುತ್ತಿತ್ತು. ವಿಂಡೋ ಮುಚ್ಚಿದರೆ ಸಾಕೆಂದು ನಂಬಿದ್ದ ಈ ಮಹಾನುಭಾವ ಪರದೆಗೆ ಬೀಗವನ್ನೂ ಹಾಕುತ್ತಿರಲಿಲ್ಲ.

"ಬಾಗ್ಲು ಎಳ್ಕೊಂಡು ಬೀಗದಕೈ ಅಲ್ಲೇ ಬಿಟ್ಟಂಗಾಯ್ತು," ಎಂದ ಹೆಡ್‌ ಕಾನ್‌ಸ್ಟೆಬಲ್.

ಹಿರಿಯನ ಮುಖ ಸಪ್ಪಗಾಯಿತು. "ಕೀಲಿಗೊಂದು ಗಡುವು ಹಾಕಿ, ಹತ್ತು ನಿಮಿಷಕ್ಕೆ ಏಜೆಂಟ್ ತಾನೇ ಮರೀಲಿ ಅಂತ ಒಬ್ಬ ಹೇಳಿದ್ದ ಸಾರ್. ನಂಗೇ ಪಾಠ ಹೇಳ್ತೀಯೇನೋ ಅಂತ ನಗಾಡ್ಬಿಟ್ಟೆ."

"ಯಾರು?"

ಪಕ್ಕದ ಮೇಜಿನ ಕಿರಿಯ ತಂತ್ರಜ್ಞ ಆಗಲೇ ಎದ್ದು ನಿಂತಿದ್ದ.

"ಯಾಕೆ ಅಳಿಸ್ದೆ?"

"ಆ ಕರೆ ತಗೊಂಡಿದ್ದು ನನ್ ಹೆಂಡ್ತಿ ಸಾರ್."

"ಅವಳ ಕೆಲ್ಸ ಉಳ್ಸೋಕಾ?"

"ಕೆಲ್ಸ ಹಾಳಾಗ್ಲಿ. ದಿನಾ ಶಿಫ್ಟ್ ಮುಗಿದ್ಮೇಲೆ ಕೂತು ಅದನ್ನೇ ಕೇಳ್ತಿದ್ಲು. ಮನೆಗ್ ಬಂದು ಊಟ ಮುಟ್ಟಲ್ಲ, ನನ್ ಜೊತೆ ಮಾತಿಲ್ಲ. ನಾಳೆ ಅದು ಟೀವಿಗೂ ಬಂದ್ರೆ ಇವಳು ಉಳಿಯಲ್ಲ ಅನ್ನಿಸ್ತು. ಇಲ್ದೇ ಹೋದ್ರೆ ಕೇಳೋದು ಬಿಡ್ತಾಳೆ ಅಂದ್ಕೊಂಡೆ."

"ವಾಪಸ್ ತರೋಕಾಗುತ್ತಾ?"

"ಇಲ್ಲ ಸಾರ್. ಸಿಗಬಾರ್ದು ಅಂತಾನೇ ಅಳಿಸಿದ್ದು."

ಪಂಚನಾಮೆಗೆ ಸಹಿ ಬಿತ್ತು. ನಾಲ್ಕು ಗಂಟೆಗೆ ದಸ್ತಗಿರಿಯಾಯಿತು. ಅಪರಾಧಿ ಸಿಕ್ಕಿದ್ದ, ದೂರು ಕೊಟ್ಟಾಕೆ ಕೇಳಿದ್ದು ಮಾತ್ರ ಸಿಕ್ಕಿರಲಿಲ್ಲ. ಠಾಣೆಯ ಬೆಂಚಿನ ಮೇಲೆ ಕಾದಿದ್ದ ಆಕೆಗೆ ಅಳಿಸಿದವನಾರು, ಯಾಕೆ ಅಳಿಸಿದ ಎಂದು ಇನ್ಸ್‌ಪೆಕ್ಟರ್ ಹೇಳಿದರು.

ಸಂಜೆ ಗಂಡನನ್ನು ನೋಡಲು ಆ ಹೆಂಡತಿ ಠಾಣೆಗೆ ಓಡಿಬಂದಳು. ಬೆಂಚಿನ ಮೇಲಿದ್ದ ತಾಯಿಗೆ ಇವಳಾರೆಂದು ಯಾರೂ ಹೇಳಬೇಕಾಗಲಿಲ್ಲ.

"ಫೋನ್ ಎತ್ತಿದ್ದು ನೀನೇನಾ?"

"ಹೌದಮ್ಮ."

"ಏನಂದ?"

ಅವಳು ಕಣ್ಣು ಮುಚ್ಚಿದಳು. "'ಅಕ್ಕಾ, ಉಸಿರು ಕಟ್ತಿದೆ, ಬೇಗ ಗಾಡಿ ಕಳಿಸಿ' ಅಂದ್ರು. ಈಗಿರೋ ವಿಳಾಸ ಹೇಳೋಕೆ ಹೊರಟ್ರು. ನಾನು ಅಷ್ಟರಲ್ಲೇ ಪರದೇಲಿ ಅವರ ನಂಬರ್ ಜೊತೆ ಬಂದ ಹಳೇ ವಿಳಾಸಕ್ಕೆ ಕಳಿಸ್ಬಿಟ್ಟಿದ್ದೆ. 'ಅಮ್ಮ ಹಿತ್ತಲಲ್ಲಿದಾರೆ, ಕರೆಯಲ್ಲ, ಹೆದರ್ತಾರೆ' ಅಂದ್ರು. ಎರಡು ಸಲ ಕೆಮ್ಮಿದ್ರು. ಆಮೇಲೆ 'ಗಾಡಿ ಬಂತಾ ಅಕ್ಕಾ' ಅಂದ್ರು. ಅಷ್ಟೇ ಅಮ್ಮ."

ತಾಯಿ ಅವಳ ಕೈ ಹಿಡಿದುಕೊಂಡಳು. ಹಿಡಿತ ಸಿಟ್ಟಿನದ್ದೋ ಆಸರೆಯದ್ದೋ ಇನ್ಸ್‌ಪೆಕ್ಟರ್‌ಗೆ ತಿಳಿಯಲಿಲ್ಲ.

"ಇನ್ನೊಂದ್ಸಲ ಹೇಳು."

ಅವಳು ಮತ್ತೆ ಮೊದಲಿನಿಂದ ಶುರುಮಾಡಿದಳು. ಕಂಬಿಯ ಹಿಂದೆ ಗಂಡ ಎರಡೂ ಕಿವಿ ಮುಚ್ಚಿಕೊಂಡ.