ಮೀಸೆ ಉಳಿಸುವ ಕಾಗದ

ನಾರಾಯಣಪೇಟೆಯ ಶರಣಬಸವನಿಗೆ ತುಟಿಯ ಮೇಲಿನ ಗಂಟಿಗಿಂತ ಡಾಕ್ಟರ ಮೇಲೆಯೇ ಹೆಚ್ಚು ಸಿಟ್ಟು. ಗಂಟು ತೊಗರಿ ಕಾಳಿನಷ್ಟಿತ್ತು, ಮೀಸೆಯ ಒಂದು ಬದಿಗೆ ಅಡಗಿ ಕೂತಿತ್ತು, ನೋವೂ ಇರಲಿಲ್ಲ. ಹೈದರಾಬಾದಿನ ಡಾಕ್ಟರು ಮಾತ್ರ ಇದು ಅಪರೂಪದ ಚರ್ಮದ ಕ್ಯಾನ್ಸರು, ಒಳಗೊಳಗೇ ಎಳೆ ಎಳೆಯಾಗಿ ಹರಡುತ್ತದೆ ಎಂದಿದ್ದರು. ಈಗಲೇ ಪೂರ್ತಿ ತೆಗೆದರೆ ಹೆಚ್ಚಿನವರು ಬಹುಕಾಲ ಬಾಳುತ್ತಾರೆ, ಬಿಟ್ಟರೆ ನರಕ್ಕಿಳಿಯುತ್ತದೆ. ಇಷ್ಟನ್ನೂ ಅವನು ತಣ್ಣಗೆ ಕೇಳಿದ್ದ. ಆ ಬದಿಗೆ ಮೀಸೆ ಮತ್ತೆ ಬರಲಿಕ್ಕಿಲ್ಲ ಎಂದಾಗ ಮಾತ್ರ ಎದ್ದು ನಿಂತಿದ್ದ.

ಮದುವೆಗೂ ಮುಂಚಿನ ಮೀಸೆ ಅದು. ಗದ್ವಾಲದ ಸೀರೆ ವ್ಯಾಪಾರಿಗಳು ಅವನನ್ನು ಕರೆಯುತ್ತಿದ್ದುದೇ ಮೀಸಿ ಮಾಸ್ತರ ಎಂದು.

ಹೆಂಡತಿ ಚನ್ನವೀರಮ್ಮ ಸೋಮವಾರದ ಆಪರೇಷನ್ನಿಗೆ ಆಗಲೇ ಚೀಲ ತುಂಬಿಟ್ಟಿದ್ದಳು. "ಮೀಸಿ ಹೋದರ ಹೋಗಲಿ, ನೀವು ಇದ್ದರ ಸಾಕ್ರಿ," ಎಂದಿದ್ದಳು. ಅವಳನ್ನು ಒಪ್ಪಿಸಲು ಮಾತು ಸಾಲದು, ಡಾಕ್ಟರ ಕಾಗದವೇ ಬೇಕು. ಸೀರೆಯ ಅಂಚಿಗೆ ನಕ್ಷೆ ಬರೆಯುವುದೇ ಶರಣಬಸವನ ಕಸುಬು. ಅವನು ಬರೆದ ಹಂಸ, ನವಿಲುಗಳನ್ನೇ ಚನ್ನವೀರಮ್ಮ ಮನೆಯ ಮಗ್ಗದಲ್ಲಿ ನೇಯುತ್ತಿದ್ದಳು. ಅಂಥ ಕೈಗೆ ಒಂದು ಸುಳ್ಳು ಕಾಗದ ಯಾವ ಲೆಕ್ಕ?

ಗುರುವಾರ ಡಾಕ್ಟರಿಗೆ ಇನ್ನೊಮ್ಮೆ ತೋರಿಸಿ ಬರುತ್ತೇನೆಂದು ಹೊರಟವನು ಹತ್ತಿರದ ಮಕ್ತಲ್‌ನಲ್ಲೇ ಇಳಿದು ಗೆಳೆಯ ವೀರಯ್ಯನ ಕೋಣೆ ಸೇರಿದ. ಆಸ್ಪತ್ರೆಯ ಹಳೆಯ ಕಾಗದದ ತಲೆಭಾಗವನ್ನಷ್ಟೇ ಬಿಟ್ಟು ಉಳಿದದ್ದನ್ನು ಮುಚ್ಚಿ ಜೆರಾಕ್ಸ್ ತೆಗೆಸಿದ. ಗಂಟು ಒಣಗುತ್ತಿದೆ, ಮುಲಾಮು ಸಾಕು, ಆಪರೇಷನ್ ಬೇಡ ಎಂದು ಮಗಳು ಉಮಾಶ್ರೀ ಓದಿದರೂ ತಪ್ಪು ಸಿಗದಂಥ ಇಂಗ್ಲಿಷಿನಲ್ಲಿ ಬರೆದ. ಹಳೆಯದರಲ್ಲಿ ಡಾಕ್ಟರು ಮುಖದ ಚಿತ್ರ ಬಿಡಿಸಿ ಗಂಟಿದ್ದಲ್ಲಿ ಇಂಟು ಗುರುತು ಹಾಕಿದ್ದರು. ಅದನ್ನೂ ಬಿಡದೆ ಬಿಡಿಸಿದ. ರುಜುವನ್ನು ಹನ್ನೆರಡು ಸಲ ರೂಢಿ ಮಾಡಿಕೊಂಡು ಹಾಕಿದ. ನಾಲ್ಕು ಮಡಿಕೆ ಮಾಡಿ, ಮೂಲೆಗೆ ಚಹಾದ ಕಲೆ ತಾಕಿಸಿದ. ಔಷಧದಂಗಡಿಯಲ್ಲಿ ಒಂದು ಮುಲಾಮನ್ನೂ ಕೊಂಡ. ಸಂಜೆ ಬಸ್ ಸ್ಟ್ಯಾಂಡಿನಲ್ಲಿ ಹೈದರಾಬಾದಿನಿಂದ ಬಂದವರೊಬ್ಬರು ಎಸೆದ ಟಿಕೇಟನ್ನು ಎತ್ತಿ ಜೇಬಿಗಿಟ್ಟ. ಇನ್ನೇನು ಬೇಕು?

ಮನೆಯಲ್ಲಿ ಉಮಾಶ್ರೀ ಕಾಗದವನ್ನು ಗಟ್ಟಿಯಾಗಿ ಓದಿದಳು. ಚನ್ನವೀರಮ್ಮ ಟಿಕೇಟು ನೋಡಿದಳು, ಮುಲಾಮು ಮೂಸಿದಳು, ದೇವರಿಗೆ ಕೈಮುಗಿದಳು. ಶರಣಬಸವ ಎರಡೂ ಕಡೆಯ ಮೀಸೆ ತಿರುವಿ ಊಟಕ್ಕೆ ಕುಳಿತ.

ಎರಡೂ ಕಾಗದಗಳನ್ನು ಜೋಡಿಸಿಡಲು ಹೋದ ಚನ್ನವೀರಮ್ಮ ಅಲ್ಲೇ ನಿಂತಳು. ಹಳೆಯದರಲ್ಲಿ ಇಂಟು ಗುರುತು ಮೂಗಿನ ಈಚೆಗಿತ್ತು, ಹೊಸದರಲ್ಲಿ ಆಚೆಗೆ. ಅವರ ಮಗ್ಗದಲ್ಲಿ ಸೀರೆಯ ಬೆನ್ನು ಮೇಲಾಗಿ, ಮುಖ ಕೆಳಗಾಗಿ ನೇಯ್ಗೆ ಸಾಗುತ್ತದೆ; ಅದಕ್ಕೆಂದೇ ಮೂವತ್ತು ವರ್ಷ ಎಡದ್ದನ್ನು ಬಲಕ್ಕೆ, ಬಲದ್ದನ್ನು ಎಡಕ್ಕೆ ತಿರುಗಿಸಿ ಬರೆದ ಕೈ, ಇಲ್ಲೂ ಯಜಮಾನನನ್ನು ಕೇಳದೆಯೇ ತಿರುಗಿಸಿಬಿಟ್ಟಿತ್ತು. ಅವಳು ಎರಡೂ ಕಾಗದಗಳನ್ನು ಅವನ ತಟ್ಟೆಯ ಪಕ್ಕದಲ್ಲಿಟ್ಟು, ಅನ್ನಕ್ಕೆ ಇನ್ನೊಂದು ಸೌಟು ಸಾರು ಬಡಿಸಿ ಕೇಳಿದಳು: "ಹೈದರಾಬಾದ್ ಡಾಕ್ಟರು ಮಗ್ಗದ ನಕ್ಷಿ ಬರಿಯೋದು ಯಾವಾಗ ಕಲ್ತರ್ರೀ? ಸೋಮವಾರ ಅವರನ್ನ ಕೇಳೋಣಂತ, ಉಣ್ರಿ."