ಆಯಸ್ಕಾಂತದ ಗಡ್ಡ

ದಂತವೈದ್ಯ ಸೆವೆರೀನೋ ಸತ್ತು ಎರಡು ತಿಂಗಳೂ ಆಗಿರಲಿಲ್ಲ. ಅವನ ಹೆಂಡತಿ ಆರ್ಮಿದಾ ಮೆಕ್ಯಾನಿಕ್ ಎರ್ಮೆತೆಯ ಗ್ಯಾರೇಜಿನ ಬಾಗಿಲಲ್ಲಿ ನಿಂತು, ಗಂಡನ ಕೆಂಪು ಕಾರನ್ನು ಮಾರಿಬಿಡುತ್ತೇನೆ ಎಂದಳು.

"ಶನಿವಾರ ವೆರೋನಾದಿಂದ ಒಬ್ಬರು ನೋಡೋಕೆ ಬರ್ತಾರೆ, ಎರ್ಮೆತೆ. ಅಷ್ಟರೊಳಗೆ ಗೇರ್‌ಬಾಕ್ಸಿನ ಎಣ್ಣೆ ಬದಲಿಸಿಕೊಡಿ. ಕೆಲಸ ಬಾಕಿ ಇಟ್ಟು ಮಾರಿದ್ರೆ ಸೆವೆರೀನೋಗೆ ಸರಿಬರ್ತಿರಲಿಲ್ಲ."

ಎರ್ಮೆತೆ ತಲೆಯಾಡಿಸಿದ. ಕೈಯಲ್ಲಿದ್ದ ಸ್ಪ್ಯಾನರನ್ನು ಮೇಜಿನ ಮೇಲಿಟ್ಟ, ಮತ್ತೆ ಎತ್ತಿಕೊಂಡ, ಮತ್ತೆ ಇಟ್ಟ. ಅವಳು ಹೋದಮೇಲೆ ಗ್ಯಾರೇಜಿನೊಳಗೆ ಆ ಗೋಡೆಯಿಂದ ಈ ಗೋಡೆಗೆ ಓಡಾಡಿದ. ಹದಿನಾಲ್ಕು ವರ್ಷ ಆ ಕಾರಿನ ಹೊಟ್ಟೆಯ ಕೆಳಗೆ ಮಲಗಿದವನು ಅವನು. ಪ್ರತಿ ವಸಂತದಲ್ಲೂ ಸರ್ವಿಸು ಮುಗಿಸಿ, ಪರೀಕ್ಷೆಯ ನೆಪದಲ್ಲಿ ಬೆಟ್ಟದ ರಸ್ತೆಗೆ ಒಯ್ಯುತ್ತಿದ್ದ. ಹೋಗಿ ಬರಲು ಹನ್ನೊಂದು ಕಿಲೋಮೀಟರು. ವರ್ಷದ ಮುನ್ನೂರ ಅರವತ್ತೈದು ದಿನಗಳಲ್ಲಿ ಅವನು ಬದುಕುತ್ತಿದ್ದದ್ದು ಆ ಹನ್ನೊಂದು ಕಿಲೋಮೀಟರು ಮಾತ್ರ ಎಂದರೆ ತಪ್ಪಿಲ್ಲ. ಒಂದು ಕ್ರಿಸ್‌ಮಸ್ ಊಟದಲ್ಲಿ ಸೆವೆರೀನೋ ಬಾಯ್ತುಂಬ ತೋರ್ತೆಲ್ಲೀನಿ ಕಡುಬು ತುಂಬಿಕೊಂಡು, "ನಾನು ಹೋದ್ಮೇಲೆ ಇದು ನಿಂದೇ ಕಣಯ್ಯಾ" ಎಂದಿದ್ದ. ಎಲ್ಲರೂ ನಕ್ಕಿದ್ದರು. ಎರ್ಮೆತೆ ನಕ್ಕಿರಲಿಲ್ಲ, ನಂಬಿದ್ದ. ಸತ್ತವನ ಮಾತನ್ನು ಬದುಕಿದವಳು ನುಂಗಿ ನೀರು ಕುಡಿದಳು ಎಂದು ಈಗ ಅವನ ಹೊಟ್ಟೆ ಉರಿಯಿತು. ಆ ಮಾತು ಆಡುವಾಗ ಅವಳು ಅಡುಗೆಮನೆಯಲ್ಲಿದ್ದಳು, ಕೇಳಿಸಿಕೊಂಡಿರಲೇ ಇಲ್ಲ ಎಂಬುದನ್ನು ಅವನು ನೆನೆಯಲು ಹೋಗಲಿಲ್ಲ.

ಉಪಾಯ ಮಧ್ಯಾಹ್ನದೊಳಗೆ ಸಿದ್ಧವಾಯಿತು. ಅದರ ಸರಳತೆಗೆ ಅವನೇ ಬೆರಗಾದ.

ಆ ಕಾರಿನ ಗೇರ್‌ಬಾಕ್ಸಿನಲ್ಲಿ ಕ್ಲಚ್ಚು ಎರಡು. ಒಂದು, ಮೂರು, ಐದು, ಏಳನೇ ಗೇರುಗಳನ್ನು ಒಂದು ಕ್ಲಚ್ಚು ನೋಡಿಕೊಂಡರೆ, ಎರಡು, ನಾಲ್ಕು, ಆರನ್ನು ಇನ್ನೊಂದು. ಒಂದು ದುಡಿಯುವಾಗ ಇನ್ನೊಂದು ಮುಂದಿನ ಗೇರು ಹಿಡಿದು ಕಾದಿರುತ್ತದೆ. ಅದಕ್ಕೇ ಗೇರು ಬಿದ್ದದ್ದು ಓಡಿಸುವವನಿಗೆ ಗೊತ್ತೇ ಆಗುವುದಿಲ್ಲ. ಅದು ಕೆಟ್ಟರೆ ಮಾತ್ರ ಕತೆ ಮುಗಿದಂತೆ. ಹದಿನಾರು ವರ್ಷ ಹಳೆಯ ಕಾರಿಗೆ ಅಂಥ ಹೊಸ ಗೇರುಪೆಟ್ಟಿಗೆ ಹಾಕಿಸಲು ಯಾವ ವೆರೋನಾದವನೂ ಕೈ ಹಾಕುವುದಿಲ್ಲ. ಹಾಗಾಗಿ ಪೆಟ್ಟಿಗೆ ಕೆಡಬೇಕಿಲ್ಲ, ಕೆಟ್ಟಿದೆ ಎಂದು ಕಾಣಿಸಿದರೆ ಸಾಕು. ಹಾವೂ ಸಾಯಬಾರದು, ಕೋಲೂ ಮುರಿಯಬಾರದು.

ಎಣ್ಣೆ ಬಸಿಯುವ ಬಿರಡೆಯ ತುದಿಯಲ್ಲಿ ಒಂದು ಆಯಸ್ಕಾಂತ ಇರುತ್ತದೆ. ಗೇರುಗಳು ಸವೆದು ಉದುರಿದ ಉಕ್ಕು ಅದಕ್ಕೆ ಅಂಟಿಕೊಳ್ಳುತ್ತದೆ. ಇದನ್ನು ಈ ಕಸುಬಿನವರು ಗಡ್ಡ ಎನ್ನುತ್ತಾರೆ. ಕಾಡಿಗೆಯಂಥ ನುಣುಪು ಗಡ್ಡ ಬಂದರೆ ಚಿಂತೆಯಿಲ್ಲ, ಅದು ವಯಸ್ಸಿನದು. ಬೆರಳಿಗೆ ಚುಚ್ಚುವ ಚೂರು ಸಿಕ್ಕಿದರೆ ಒಳಗೆ ಯಾವುದೋ ಗೇರಿನ ಹಲ್ಲು ಮುರಿಯುತ್ತಿದೆ ಎಂದರ್ಥ. ಎರ್ಮೆತೆಗೆ ಹದಿನೈದನೇ ವಯಸ್ಸಿಗೆ ಕೆಲಸ ಕಲಿಸಿದ ಮೇಸ್ತ್ರಿ ಮೊದಲ ದಿನವೇ ತಲೆಗೊಂದು ಮೊಟಕಿ ಹೇಳಿದ್ದ: "ಮೊದಲು ಗಡ್ಡ ನೋಡು, ಆಮೇಲೆ ಒರೆಸು."

ಮೂಲೆಯಲ್ಲಿ ಬಿದ್ದಿದ್ದ ಹಾಲಿನ ವ್ಯಾನೊಂದರ ಮುರಿದ ಗೇರನ್ನು ಅವನು ಎರಡು ದಿನ ಅರದಿಂದ ಉಜ್ಜಿದ. ಕೆಲವು ಚೂರುಗಳನ್ನು ಉಳಿಯಿಂದ ಹೊಡೆದು ಎಬ್ಬಿಸಿದ. ಎಲ್ಲವನ್ನೂ ಹಳೆ ಎಣ್ಣೆಯಲ್ಲಿ ಕಲಸಿ ಕಾಫಿಯ ಖಾಲಿ ಡಬ್ಬಿಗೆ ತುಂಬಿದ. ಡಬ್ಬಿಯನ್ನು ಮೇಲಿನ ಹಲಗೆಯಲ್ಲಿಟ್ಟ, ಅಲ್ಲಿಂದ ಕೆಳಗೆ ಬಚ್ಚಿಟ್ಟ, ಅಲ್ಲೂ ಸಮಾಧಾನವಾಗದೆ ತನ್ನ ಬೀರುವಿಗೆ ಹಾಕಿ ಬೀಗ ಜಡಿದ. ಕೂತರೆ ನಿಲ್ಲಬೇಕು, ನಿಂತರೆ ನಡೆಯಬೇಕು ಅನ್ನಿಸುತ್ತಿತ್ತು.

ಇನ್ನೊಂದು ಎಚ್ಚರಿಕೆಯನ್ನೂ ಅವನು ವಹಿಸಿದ. ಸರ್ವಿಸಿಗೆ ಮುಂಚೆ ಕಾರನ್ನು ಒಂದು ಸುತ್ತು ಓಡಿಸಿ ಎಣ್ಣೆ ಬಿಸಿ ಮಾಡುವುದು ಪದ್ಧತಿ. ಈ ಸಲ ಮಾಡಲಿಲ್ಲ. ಬೆಟ್ಟದ ಮೇಲೆ ಹೂವಿನಂತೆ ಓಡಿದ ಕಾರು ಊರಿನವರ ಕಣ್ಣಿಗೆ ಬಿದ್ದರೆ, ಮರುದಿನ ಅದು ಸತ್ತಿದೆ ಎಂದು ಯಾರು ನಂಬುತ್ತಾರೆ? ಆರ್ಮಿದಾಳ ಮನೆಯಿಂದ ಗ್ಯಾರೇಜಿನವರೆಗಿನ ಇಳಿಜಾರನ್ನು ಹೆಜ್ಜೆ ಮೇಲೆ ಹೆಜ್ಜೆ ಇಟ್ಟಂತೆ ಇಳಿಸಿಕೊಂಡು ಬಂದ.

ಬುಧವಾರ ಹತ್ತು ಗಂಟೆಗೆ ಬನ್ನಿ ಎಂದು ಆರ್ಮಿದಾಗೆ ಹೇಳಿದ್ದ. ಹತ್ತಕ್ಕೆ ಕಾಲು ಗಂಟೆ ಇರುವಾಗ ಕಾರು ಎತ್ತಿ, ಬಿರಡೆ ಬಿಚ್ಚಿದ. ಕಣ್ಣು ಗಡಿಯಾರದ ಮೇಲೆ, ಕಿವಿ ಬಾಗಿಲ ಮೇಲೆ. ಎಣ್ಣೆ ತಟ್ಟೆಗೆ ಸುರಿಯುತ್ತಿರುವಾಗಲೇ ಬಿರಡೆಯನ್ನು ನೀಲಿ ಬಟ್ಟೆಯಲ್ಲಿ ಸುತ್ತಿ ಎರಡು ಸಲ ತಿರುವಿ ಒರೆಸಿದ. ಡಬ್ಬಿ ತೆರೆದು ಬೆರಳಿನಿಂದ ಹೊಸ ಗಡ್ಡ ಮೆತ್ತಿದ, ಉಳಿದದ್ದನ್ನು ತಟ್ಟೆಯ ಎಣ್ಣೆಗೆ ಸುರಿದ. ಬಟ್ಟೆಯನ್ನು ಅಲ್ಲೇ ಬಿಡುವಷ್ಟು ದಡ್ಡನಲ್ಲ ಅವನು. ಒಳ್ಳೆಯ ಗಡ್ಡ ಒರೆಸಿದ ಬಟ್ಟೆಯೂ ಒಂದು ಸಾಕ್ಷಿಯೇ. ಅದನ್ನು ಮಡಚಿ ಬೀರುವಿನೊಳಗೆ ತುರುಕಿದ.

ಆರ್ಮಿದಾ ಸಮಯಕ್ಕೆ ಸರಿಯಾಗಿ ಬಂದಳು.

"ನಾನು ಹೇಳೋದು ಬೇಡ, ನೀವೇ ನೋಡಿ ಸಿನ್ಯೋರಾ," ಎಂದು ಬಿರಡೆಯನ್ನು ಬೆಳಕಿಗೆ ಹಿಡಿದ. "ಅಂಗೈ ಹುಣ್ಣಿಗೆ ಕನ್ನಡಿ ಯಾಕೆ? ಮುಟ್ಟಿ ನೋಡಿ, ಚುಚ್ಚುತ್ತೆ."

ಅವಳು ಮುಟ್ಟಿ ಕೈ ಹಿಂತೆಗೆದಳು. "ಅಯ್ಯೋ ದೇವರೇ. ಇದು ಗೇರಿನ ಹಲ್ಲಾ?"

"ಅದೇ. ನಿಮ್ಮೆಜಮಾನರಿಗೆ ಇದನ್ನ ನೋಡೋ ಗತಿ ಬರ್ಲಿಲ್ವಲ್ಲ, ಅಷ್ಟೇ ಸಮಾಧಾನ."

ಅವಳ ಕಣ್ಣು ತುಂಬಿತು. ಎರ್ಮೆತೆಗೆ ಒಂದು ಗಳಿಗೆ ನಾಚಿಕೆಯಾಯಿತು, ಆದರೆ ಬೆಟ್ಟದ ರಸ್ತೆ ನೆನಪಾಗಿ ನಾಚಿಕೆ ಹೊರಟುಹೋಯಿತು.

ವೆರೋನಾದವನು ಫೋನಿನಲ್ಲೇ ಕೈ ತೊಳೆದುಕೊಂಡ. ಸಂಜೆ ಲೋರಿಸನ ಬಾರಿನಲ್ಲಿ ಎರ್ಮೆತೆ ಡಂಗುರ ಸಾರಿದ. ಇದೂ ಲೆಕ್ಕಾಚಾರದ ಭಾಗವೇ, ಬೇರೆ ಯಾರೂ ಕೊಳ್ಳಲು ಬರಬಾರದಲ್ಲ.

"ಗೇರ್‌ಬಾಕ್ಸು ಢಮಾರ್. ಆದ್ರೂ ನಾನೇ ತಗೊಳ್ತೀನಿ, ಗೆಳೆಯನ ನೆನಪಿಗೆ."

ಲೋರಿಸ್ ಲೋಟ ಒರೆಸುತ್ತ ಅವನನ್ನೇ ನೋಡಿದ. "ನಿಂಗೇನು ತಲೆ ಕೆಟ್ಟಿದ್ಯಾ ಮಾರಾಯ? ಸತ್ತ ಕುದುರೆ ತಗೊಂಡು ಹುಲ್ಲು ಹಾಕ್ತೀಯಾ?"

"ಹಾಕ್ತೀನಿ ಬಿಡು. ನನ್ನ ಕುದುರೆ, ನನ್ನ ಹುಲ್ಲು."

ಆರ್ಮಿದಾ ಸೀಟು, ಬಾಗಿಲು, ಎಂಜಿನ್ನುಗಳ ಬೆಲೆ ಮಾತ್ರ ಕೇಳಿದಳು. ಅದನ್ನು ಹೊಂದಿಸಲಿಕ್ಕೂ ಎರ್ಮೆತೆ ಸಮುದ್ರದ ದಂಡೆಯಲ್ಲಿ ತಾಯಿ ಬಿಟ್ಟುಹೋಗಿದ್ದ ಎರಡು ಕೋಣೆಗಳನ್ನು ಮಾರಬೇಕಾಯಿತು. ಮುಪ್ಪಿನಲ್ಲಿ ಹೋಗಿ ಕೂರಲು ಅವನಿಗಿದ್ದ ಜಾಗ ಅದೊಂದೇ. ಕಾರಿನ ಕ್ರಯಪತ್ರ ಬರೆಯುವಾಗ ಅವನೇ ಹಟ ಹಿಡಿದು ಒಂದು ಸಾಲು ಸೇರಿಸಿದ: ಗೇರ್‌ಬಾಕ್ಸು ಹಾಳಾಗಿರುವುದನ್ನು ಖುದ್ದು ಪರೀಕ್ಷಿಸಿ, ತಿಳಿದೇ ಕೊಂಡಿದ್ದೇನೆ. ಅವಳ ತಮ್ಮನ ಮಗ ವಕೀಲ. ನಾಳೆ ಕಾರು ಓಡುವುದನ್ನು ಕಂಡು ಅವನು ತಕರಾರು ತೆಗೆಯಬಾರದು.

ಎಲ್ಲ ಮುಗಿಯಲು ಕೆಲವು ವಾರಗಳೇ ಹಿಡಿದವು. ನಂತರದ ಸರ್ವಿಸನ್ನು ಅವನು ಪೂಜೆಯಂತೆ ಮಾಡಿದ. ಹಳೆಯ ಫಿಲ್ಟರಿನಲ್ಲಿ ಉಕ್ಕಿನ ಪುಡಿ ಮಿಣಮಿಣ ಹೊಳೆಯುತ್ತಿತ್ತು, ತಟ್ಟೆಯ ತಳದಲ್ಲೂ ಹೊಳೆಯುತ್ತಿತ್ತು. ತಾನೇ ಸುರಿದದ್ದೆಂದು ನಕ್ಕು ಎಲ್ಲವನ್ನೂ ಚೆಲ್ಲಿದ. ಹೊಸ ಎಣ್ಣೆ ತುಂಬಿ, ಎಂಜಿನ್ನು ನಡೆಸಿ, ಎಣ್ಣೆ ಹದಕ್ಕೆ ಬೆಚ್ಚಗಾಗುವವರೆಗೆ ಕಾದು, ಹನಿ ಹೆಚ್ಚಿಲ್ಲದಂತೆ ಕಡಿಮೆಯಿಲ್ಲದಂತೆ ಮಟ್ಟ ನೋಡಿದ. ಭಾನುವಾರ ಬೆಳಿಗ್ಗೆ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಬೆಟ್ಟ ಹತ್ತಿದ.

ಆರು ತಿರುವುಗಳವರೆಗೆ ಅವನಷ್ಟು ಸುಖಿ ಆ ಸೀಮೆಯಲ್ಲಿ ಇರಲಿಲ್ಲ. ಏಳನೆಯ ತಿರುವಿನಲ್ಲಿ ಎರಡರಿಂದ ಮೂರಕ್ಕೆ ಏರುವಾಗ ಬೆನ್ನ ಹಿಂದೆ ಯಾರೋ ಕಲ್ಲು ಅಗಿದ ಸದ್ದಾಯಿತು. ಮತ್ತೆ ಹಾಕಿದ, ಮತ್ತೆ ಅಗಿಯಿತು. ಆಮೇಲೆ ಒಂದೂ ಇಲ್ಲ, ಮೂರೂ ಇಲ್ಲ, ಐದೂ ಇಲ್ಲ. ಎರಡನೇ ಗೇರಿನಲ್ಲೇ ತೆವಳುತ್ತ, ಕರಟಿದ ವಾಸನೆ ಬಿಡುತ್ತ, ಪೂಜೆ ಮುಗಿಸಿ ಚರ್ಚಿನಿಂದ ಹೊರಬರುತ್ತಿದ್ದ ಜನರ ನಡುವೆ ಕಾರು ಕೆಳಗಿಳಿಯಿತು. ಲೋರಿಸ್ ಬಾರಿನ ಬಾಗಿಲಿಗೆ ಬಂದು ಎರಡೂ ಕೈ ಮೇಲೆತ್ತಿದ. "ನೀನೇ ಹೇಳಿದ್ಯಲ್ಲೋ, ಮಾರಾಯ!"

ಸೋಮವಾರ ಆರ್ಮಿದಾ ಗ್ಯಾರೇಜಿಗೆ ಬಂದು, ಸಾರಾಯಿಯಲ್ಲಿ ನೆನೆಸಿದ ಚೆರ್ರಿಯ ಜಾಡಿಯೊಂದನ್ನು ಮೇಜಿನ ಮೇಲಿಟ್ಟಳು. "ಬೇರೆ ಯಾರಾಗಿದ್ರೂ ಬಾಯಿ ಮುಚ್ಚಿಕೊಂಡು ಎಣ್ಣೆ ಹಾಕಿ ಕಳಿಸ್ತಿದ್ರು. ನಾನು ಆ ವೆರೋನಾದವರಿಗೆ ಮೋಸ ಮಾಡಿದ ಹಾಗಾಗ್ತಿತ್ತು. ನಿಮ್ಮಂಥ ಪ್ರಾಮಾಣಿಕರು ಈ ಕಾಲದಲ್ಲಿ ಎಲ್ಲಿದ್ದಾರೆ, ಎರ್ಮೆತೆ? ಊರಿಗೆಲ್ಲ ಹೇಳ್ತಿದ್ದೀನಿ." ಅವನು ಜಾಡಿಯನ್ನು ಮೇಜಿನ ಅಂಚಿನಿಂದ ಒಳಕ್ಕೆ ಸರಿಸಿದ. ಸುಳ್ಳು ಹೇಳಿದ್ದೆ ಅನ್ನುವಂತಿಲ್ಲ, ಯಾಕೆಂದರೆ ಅವನು ಹೇಳಿದ್ದೆಲ್ಲ ಅಕ್ಷರಶಃ ನಿಜವಾಗಿತ್ತು.

ಅವಳು ಹೋದಮೇಲೆ ಕಣ್ಣೊರೆಸಿಕೊಳ್ಳಲು ಏನಾದರೂ ಬೇಕಾಗಿ ಬೀರು ತೆರೆದು, ಕೈಗೆ ಸಿಕ್ಕ ನೀಲಿ ಬಟ್ಟೆಯನ್ನು ಎಳೆದ. ಅಂಗೈಗೆ ಏನೋ ಚುಚ್ಚಿ ರಕ್ತ ಬಂತು. ಬಟ್ಟೆಯನ್ನು ಕಿಟಕಿಯ ಬೆಳಕಿನಲ್ಲಿ ಬಿಡಿಸಿದ. ಕಪ್ಪು ಎಣ್ಣೆಯ ನಡುವೆ ಅಕ್ಕಿನುಚ್ಚಿನಷ್ಟು ದೊಡ್ಡ ಉಕ್ಕಿನ ಚೂರುಗಳು, ಅವುಗಳ ಜೊತೆ ಒಂದು ಹಲ್ಲಿನ ಇಡೀ ತುದಿ ಇದ್ದವು. ಆ ಬುಧವಾರ, ಡಬ್ಬಿಯ ಮುಚ್ಚಳ ತೆಗೆಯುವುದಕ್ಕೂ ಮೊದಲು, ಅವನು ನೋಡದೆ ಒರೆಸಿದ್ದ ಗಡ್ಡ ಅದು.