ರಾಣಿಯ ಕೂಸಿಗೆ ದವಡೆ ಮೂಡಿದ್ದು

ನದಿಗಳಿಗೆ ಇನ್ನೂ ಹೆಸರಿಡದಿದ್ದ ಕಾಲದಲ್ಲಿ ಶಂಖಪುರವೆಂಬ ರಾಜ್ಯವಿತ್ತು. ಅಲ್ಲಿ ಕೊಟ್ರವ್ವನೆಂಬ ಸೂಲಗಿತ್ತಿ ಇದ್ದಳು. ಊರಿನ ಅರ್ಧ ಜನ ಅವಳ ಕೈಯಲ್ಲೇ ಹುಟ್ಟಿದವರು.

ರಾಣಿ ಚಂದ್ರಲಾಂಬೆ ಆಗ ಎರಡು ತಿಂಗಳ ಬಸುರಿ. ಮಂತ್ರಿಪದವಿ ಕೊಡಲಿಲ್ಲವೆಂಬ ಸಿಟ್ಟಿಗೆ ಮಾಂತ್ರಿಕ ಧೂಮಕೇಶಿ ಅರಮನೆಗೆ ಬಂದು, "ನಿನ್ನ ಕೂಸಿಗೆ ದವಡೆಯೇ ಮೂಡದಿರಲಿ! ಅದು ಹಾಲು ಕುಡಿಯದಿರಲಿ, ದನಿ ಎತ್ತದಿರಲಿ!" ಎಂದು ಶಪಿಸಿದ. ಶಪಿಸಿದವನೇ ಹೊಗೆಯಾಗಿ ಅವಳ ಗರ್ಭ ಹೊಕ್ಕ.

ರಾಣಿ ಕೊಟ್ರವ್ವನನ್ನು ಕರೆಸಿ ಅವಳ ಕೈ ಹಿಡಿದಳು. "ಅವ್ವಾ, ಏನಾದರೂ ಮಾಡು."

"ಅಳಬೇಡ ತಾಯಿ, ಒಳಗೇ ಹೋಗಿ ನೋಡ್ತೀನಿ."

ಕೊಟ್ರವ್ವ ಬೆಟ್ಟದ ಬೇರೊಂದನ್ನು ಅಗಿದಳು. ಕಣ್ಣಿಗೆ ಕಾಣದಷ್ಟು ಸಣ್ಣಗಾದಳು. ರಾಣಿಯ ಹೊಕ್ಕುಳಿಂದ ಒಳಗಿಳಿದಳು.

ಒಳಗೆ ಬೆಚ್ಚನೆಯ ನೀರು. ಅದರಲ್ಲಿ ಅವರೆಕಾಳಿನಷ್ಟು ಕೂಸು ಬಾಗಿ ಮಲಗಿತ್ತು. ಅದರ ಹಿಂದಲೆಯಲ್ಲಿ ಎಲುಬು ಕಟ್ಟುವ ಸಾವಿರಾರು ಪುಟ್ಟ ಕೆಲಸಗಾರರು ಕಂಗಾಲಾಗಿ ಕೂತಿದ್ದರು.

"ಮುಖಕ್ಕೆ ಹೋಗಿ ದವಡೆ ಕಟ್ಟಬೇಕಿತ್ತು. ಈ ಹೊಗೆಯಲ್ಲಿ ದಾರಿಯೇ ಕಾಣ್ತಿಲ್ಲ" ಎಂದರು.

"ನನ್ನ ಸೆರಗು ಹಿಡ್ಕೊಳ್ಳಿ. ಒಬ್ಬರ ಹಿಂದೆ ಒಬ್ಬರು ಬನ್ನಿ."

ಕಣ್ಣಿಗೆ ಕಾಣದ್ದನ್ನು ಕೈಯಲ್ಲಿ ಮುಟ್ಟಿ ತಿಳಿಯುವುದೇ ಅವಳ ಕಸುಬು. ತಡವುತ್ತಾ ತಡವುತ್ತಾ ಎಲ್ಲರನ್ನೂ ಕೆನ್ನೆಯ ಕೆಳಗೆ ತಂದು ನಿಲ್ಲಿಸಿದಳು.

ಅವರು ಎರಡೂ ಕಿವಿಯ ಕಡೆಯಿಂದ ಗಲ್ಲದವರೆಗೆ ಮೆದು ಎಲುಬಿನ ಕಡ್ಡಿ ಹೂಡಿದರು. ಎಳೆ ಬಿದಿರಿನಂತೆ ಅದು ಬಾಗುತ್ತಿತ್ತು. ಹೊಗೆ ಗೆದ್ದಲಾಗಿ ಬಂದು ಅದನ್ನು ತಿಂದಿತು. ಮತ್ತೆ ಹೂಡಿದರು. ಮತ್ತೆ ತಿಂದಿತು.

"ಗಟ್ಟಿ ಎಲುಬು ಹೇಗೆ ಮಾಡ್ತೀರಪ್ಪಾ?" ಎಂದು ಕೊಟ್ರವ್ವ ಕೇಳಿದಳು.

"ತಾಯಿಯ ರಕ್ತದಲ್ಲಿ ಸುಣ್ಣ ಬರುತ್ತೆ. ಅದನ್ನು ಕಡ್ಡಿಯ ಪಕ್ಕದಲ್ಲಿ ಮೆತ್ತುತ್ತೇವೆ."

"ಹಾಗಾದರೆ ಕಡ್ಡಿ ಪೂರ್ತಿಯಾಗಲಿ ಅಂತ ಕಾಯಬೇಡಿ. ಹೂಡಿದಷ್ಟಕ್ಕೆ ಮೆತ್ತುತ್ತಾ ಹೋಗಿ."

ಸುಣ್ಣ ಕಚ್ಚಿ ಗೆದ್ದಲಿನ ಹಲ್ಲು ಮುರಿಯಿತು. ಎಡದ ದವಡೆ, ಬಲದ ದವಡೆ ಗಲ್ಲದಲ್ಲಿ ಬಂದು ಕೂಡಿದವು. ಆಸರೆಯ ಕಡ್ಡಿ ಕರಗಿತು. ಕಿವಿಯ ಹತ್ತಿರ ಉಳಿದ ತುದಿ, ದನಿ ಕೇಳಿಸುವ ಎರಡು ಪುಟ್ಟ ಎಲುಬಾಯಿತು.

ಇನ್ನು ತಲೆಬುರುಡೆ. ಎಲುಬಿನ ಹಲಗೆಗಳು ನಾಲ್ಕೂ ಕಡೆಯಿಂದ ಬೆಳೆದು ಬರುವಾಗ ಅರಮನೆಯ ಶಿಲ್ಪಿಯೊಬ್ಬ ಬಂದ. ಬೆರಳಲ್ಲಿ ರಾಜಮುದ್ರೆ, ಕಾಲ ಬಳಿ ಹೊಗೆ.

"ನೆತ್ತಿಯಲ್ಲಿ ಸಂದು ಬಿಟ್ಟಿದ್ದೀರಲ್ಲ! ಈಗಲೇ ಮುಚ್ಚಿ. ರಾಜಾಜ್ಞೆ!"

ಕೆಲಸಗಾರರು ಹೆದರಿದರು. ಕೊಟ್ರವ್ವ ಅಡ್ಡ ನಿಂತಳು.

"ಎಷ್ಟು ಹೆರಿಗೆ ನೋಡಿದ್ದೀರಿ ಸ್ವಾಮಿ? ಈ ಸಂದು ಮುಚ್ಚಿದರೆ ತಲೆ ಹೊರಗೆ ಹೇಗೆ ಬರುತ್ತೆ? ಮಿದುಳು ಎಲ್ಲಿ ಬೆಳೆಯುತ್ತೆ?" ಎಂದು ಕೆಲಸಗಾರರ ಕಡೆ ತಿರುಗಿದಳು. "ಇಲ್ಲಿ ಕೈ ಇಟ್ಟು ನೋಡಿ."

ಅವರು ಕೈಯಿಟ್ಟರು. ನೆತ್ತಿ ಮೆತ್ತಗೆ ಮಿಡಿಯುತ್ತಿತ್ತು. ಒಬ್ಬರೂ ಅದನ್ನು ಮುಚ್ಚಲು ಒಪ್ಪಲಿಲ್ಲ.

ಶಿಲ್ಪಿಯ ವೇಷದಲ್ಲಿದ್ದ ಧೂಮಕೇಶಿ ರೇಗಿದ. ತಾನೇ ಮುಚ್ಚುತ್ತೇನೆಂದು ಹೊಗೆಯಾಗಿ ಕೂಸಿನ ಮುಖದ ಮೇಲೆ ಹಾದ. ಆಗಲೇ ಕೂಸು ಹೊಸ ದವಡೆಯನ್ನು ಮೊದಲ ಸಲ ಅಗಲಿಸಿತು. ಗುಟುಕ್ಕನೆ ನೀರು ನುಂಗಿತು. ನೀರಿನ ಜೊತೆ ಅವನೂ ಹೋದ.

ಕೊಟ್ರವ್ವ ಹೊರಬಂದಾಗ ಏಳು ತಿಂಗಳು ಕಳೆದಿದ್ದವು. ರಾಣಿಗೆ ಬೇನೆ ಶುರುವಾಗಿತ್ತು. ಸೂಲಗಿತ್ತಿ ಕೈ ತೊಳೆದು ಕೂತಳು. ಹೆಣ್ಣು ಕೂಸು ಹುಟ್ಟಿತು. ಕೋಟೆಯಾಚೆಗೂ ಕೇಳುವಂತೆ ಅತ್ತಿತು, ಆಮೇಲೆ ಚಪ್ಪರಿಸಿ ಹಾಲು ಕುಡಿಯಿತು. ರಾಣಿ ನಗುತ್ತಲೇ ಕಣ್ಣೊರೆಸಿಕೊಂಡಳು.

ಸಂಜೆಗೆ ಕೂಸು ಕಪ್ಪಗೆ, ಅಂಟಂಟಾಗಿ ಮೊದಲ ಸಲ ಕಕ್ಕ ಮಾಡಿತು.

"ಬಂದೆಯೇನಪ್ಪಾ ಧೂಮಕೇಶಿ!" ಎಂದು ಕೊಟ್ರವ್ವ ಹಳೆ ಬಟ್ಟೆಯಲ್ಲಿ ಒರೆಸಿ, ಹೊಳೆಯಲ್ಲಿ ಜಾಲಿಸಿ ಬಂದಳು. ಅಂದಿನಿಂದ ಶಂಖಪುರದಲ್ಲಿ ತಾಯಿ, ಮಗು, ಸೂಲಗಿತ್ತಿ, ಪ್ರಜೆಗಳು ಎಲ್ಲರೂ ಹೊಟ್ಟೆ ತುಂಬ ಉಂಡು, ಬಾಯ್ತುಂಬ ಮಾತಾಡಿಕೊಂಡು ನೂರು ವರ್ಷ ಬಾಳಿದರು.